ಹಾಲಿಗೆ ಪರೀಕ್ಷೆ ಉಂಟು, ನೀರಿಗೆ?

(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ಆಡಳಿತ ಮಂಡಳಿಯ ಪರವಾಗಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದೆ. ಸಂಘ ಬೆಳೆದು ಬಂದ ದಾರಿಯನ್ನು ಕಾರ್ಯದರ್ಶಿಗಳು ವರದಿಯಲ್ಲಿ ಓದಿದ್ದಾರೆ. ಅದನ್ನೇ ಮತ್ತೆ ಹೇಳಿ ನಿಮ್ಮ ಹೊತ್ತು ಕಳೆಯುವುದಿಲ್ಲ. ನಾವು ಇವತ್ತು ಕುಡಿಯುವ ನೀರಿನ ಬಗ್ಗೆ ಎರಡು ಮಾತು ಆಡಬೇಕೆಂದು ಬಂದಿದ್ದೇವೆ. ಡೇರಿ ಸಭೆಯಲ್ಲಿ ನೀರಿನ ಮಾತೇ ಅಂತ ಕೆಲವರು ನಗಬಹುದು. ಹಾಲು, ನೀರು ಎರಡೂ ಒಟ್ಟಿಗೆ ಬಂದರೆ ನಮ್ಮ ಪರೀಕ್ಷಕರಿಗೆ ಸಿಟ್ಟು ಬರುತ್ತದೆ ಅನ್ನೋದು ಎಲ್ಲರಿಗೂ ಗೊತ್ತಿರುವ ಸಂಗತಿಯೇ!

ಬೆಳಿಗ್ಗೆ ಆರು ಗಂಟೆಗೆ ನಮ್ಮ ಡೇರಿ ಮುಂದೆ ನಿಂತು ನೋಡಿ. ಕ್ಯಾನು ಇಳಿಸುತ್ತಿದ್ದಂತೆಯೇ ಪರೀಕ್ಷಕರು ಮೊದಲು ಹಾಲಿನ ವಾಸನೆ ನೋಡುತ್ತಾರೆ. ಆಮೇಲೆ ಸ್ಯಾಂಪಲ್ ತೆಗೆದು ಮೆಷಿನ್‌ಗೆ ಇಡುತ್ತಾರೆ. ಫ್ಯಾಟ್ 3.5 ಬಂತೇ, ಎಸ್‌ಎನ್‌ಎಫ್ 8.5 ಬಂತೇ ಅಂತ ಹಾಲು ಹಾಕಿದ ಅಜ್ಜಿಯೂ ಕತ್ತು ಚಾಚಿ ನೋಡುತ್ತಾರೆ. ಒಂದು ಪಾಯಿಂಟ್ ಕಡಿಮೆಯಾದರೆ ಜಗಳವೇ ಆಗುತ್ತದೆ. ಆ ಹಾಲನ್ನು ನಾವು ಕುಡಿಯುವುದಿಲ್ಲ, ಎಲ್ಲೋ ಪಟ್ಟಣದಲ್ಲಿ ಯಾರೋ ಕುಡಿಯುತ್ತಾರೆ. ಅವರಿಗಾಗಿ ದಿನಕ್ಕೆ ಎರಡು ಸಲ ಪರೀಕ್ಷೆ. ಆದರೆ ನಾವು, ನಮ್ಮ ಮಕ್ಕಳು ದಿನವಿಡೀ ಕುಡಿಯುವ ನೀರಿಗೆ ವರ್ಷಕ್ಕೆ ಎಷ್ಟು ಸಲ ಪರೀಕ್ಷೆ ಆಗಿದೆ? ಈ ಪ್ರಶ್ನೆಗೆ ಹೋದ ವರ್ಷದ ತನಕ ಆಡಳಿತ ಮಂಡಳಿಯಾದ ನಮ್ಮಲ್ಲಿಯೇ ಉತ್ತರ ಇರಲಿಲ್ಲ. ಅದನ್ನು ಒಪ್ಪಿಕೊಳ್ಳಲಿಕ್ಕೇ ಈ ಭಾಷಣ.

ನಮ್ಮದು ಕೋಲಾರ ಸೀಮೆ. ವರ್ಷಪೂರ್ತಿ ಹರಿಯುವ ಹೊಳೆ ಇಲ್ಲ. ನಮ್ಮ ಹಿರೀಕರು ಕೆರೆ ಕಟ್ಟಿ, ಬಾವಿ ತೋಡಿ ಬದುಕಿದರು. ಆಮೇಲೆ ಕೈಪಂಪು ಬಂತು, ಬೋರ್‌ವೆಲ್ ಬಂತು. ಇನ್ನೂರು ಅಡಿಗೆ ಸಿಗುತ್ತಿದ್ದ ನೀರು ಇವತ್ತು ಸಾವಿರ, ಸಾವಿರದ ಐನೂರು ಅಡಿಗೂ ಸಿಗುವುದು ಕಷ್ಟ. ಆಳಕ್ಕೆ ಹೋದಷ್ಟೂ ನೀರು ಬಹಳ ವರ್ಷ ಕಲ್ಲಿನೊಳಗೆ ನಿಂತಿದ್ದ ನೀರು. ನಮ್ಮ ಸೀಮೆಯ ಕಲ್ಲಿನಲ್ಲಿ ಫ್ಲೋರೈಡ್ ಎಂಬ ಅಂಶ ಇದೆ, ಅದು ನೀರಿಗೆ ಇಳಿಯುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ. ಕನ್ನಡಿಯಂತೆ ತಿಳಿಯಾದ ನೀರಿನಲ್ಲೂ ಅದು ಇರಬಹುದು.

ಕುಡಿಯುವ ನೀರಿಗೆ ಸರ್ಕಾರದ ಅಳತೆಗೋಲು ಐಎಸ್ 10500. ಅದರ ಪ್ರಕಾರ ಒಂದು ಲೀಟರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದ ಕಡೆ 1.5 ಮಿಲಿಗ್ರಾಂ ತನಕ ಪರವಾಗಿಲ್ಲ. ಅದರ ಮೇಲೆ ಹೋದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಬೆಳೆಯುವ ಮಕ್ಕಳ ಹಲ್ಲಿನ ಮೇಲೆ ಬಿಳಿ ಮಚ್ಚೆ, ಹಳದಿ ಗೆರೆ, ಕಂದು ಕಲೆ ಕಾಣಿಸುತ್ತದೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ, ಯಾಕೆಂದರೆ ಅದು ಕೊಳೆಯಲ್ಲ, ಹಲ್ಲು ಒಸಡಿನೊಳಗೆ ಕಟ್ಟುವಾಗಲೇ ಆದ ಹಾನಿ. ಫ್ಲೋರೈಡ್ ಇನ್ನೂ ಹೆಚ್ಚಿದ್ದು ಇನ್ನೂ ಹೆಚ್ಚು ಕಾಲ ಕುಡಿದರೆ ಮೂಳೆಗೆ ಇಳಿದು ಸೊಂಟ, ಮಂಡಿ, ಕುತ್ತಿಗೆ ಬಿಗಿಯುತ್ತವೆ. ನಮ್ಮ ದೇಶದಲ್ಲಿ ಈ ಕಾಯಿಲೆಯನ್ನು ವೈದ್ಯರು ಮೊದಲು ಗುರುತಿಸಿದ್ದು 1937ರಲ್ಲಿ, ಈಗಿನ ಆಂಧ್ರದ ನೆಲ್ಲೂರು ಕಡೆ. ಹತ್ತಿರಹತ್ತಿರ ತೊಂಬತ್ತು ವರ್ಷವಾಯಿತು. ನಾವು ಮಾತ್ರ ಇವತ್ತಿಗೂ ಮಂಡಿನೋವು ಬಂದರೆ ವಾಯು ಅಂತೇವೆ, ಮಕ್ಕಳ ಹಲ್ಲು ಕಂಡರೆ ಸರಿಯಾಗಿ ಉಜ್ಜಲ್ಲ ಅಂತ ಬಯ್ಯುತ್ತೇವೆ. ಈ ಸಂಚಿಕೆಗಾಗಿ ಶಾಲೆ ಮಕ್ಕಳ ಫೋಟೋ ತೆಗೆಸಿದಾಗ ನಗಿರಪ್ಪಾ ಅಂದರೆ ಐದಾರು ಮಕ್ಕಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಅದನ್ನು ನೋಡಿ ನಮ್ಮ ಹೊಟ್ಟೆಯಲ್ಲಿ ಸಂಕಟವಾಯಿತು.

ಇಲ್ಲಿ ತಾಯಂದಿರು ಒಂದು ಮಾತು ಗಮನಿಸಬೇಕು. ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಆವಿಯಾಗಿ ಹೋಗುವುದು ನೀರು, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗದು. ಕಾಯಿಸುವುದು ರೋಗಾಣುವಿಗೆ ಮದ್ದು. ಫ್ಲೋರೈಡ್ ಬೇರೆ ರೋಗ, ಅದರ ಮದ್ದೂ ಬೇರೆ.

ಈಗ ಆ ರೋಗಾಣುವಿನ ವಿಚಾರ. 2019ರ ಆಗಸ್ಟ್ 15ರಂದು ಜಲ ಜೀವನ ಮಿಷನ್ ಘೋಷಣೆಯಾಯಿತು. ನಮ್ಮ ರಾಜ್ಯದಲ್ಲಿ ಅದಕ್ಕೆ ಮನೆ ಮನೆಗೆ ಗಂಗೆ ಅಂತ ಹೆಸರು. ಹಳ್ಳಿಯ ಪ್ರತಿ ಮನೆಗೂ ನಲ್ಲಿ, ತಲೆಗೆ ದಿನಕ್ಕೆ 55 ಲೀಟರ್ ನೀರು ಅನ್ನೋದು ಗುರಿ. ನಮ್ಮ ಊರಿಗೂ ನಲ್ಲಿ ಬಂತು. ಬಿಂದಿಗೆ ಹೊತ್ತು ಸೊಂಟ ನೋಯಿಸಿಕೊಂಡ ತಾಯಂದಿರಿಗೆ ಅದು ಸಣ್ಣ ಉಪಕಾರವಲ್ಲ. ಆದರೆ ನಲ್ಲಿ ಬಂದ ಮಾತ್ರಕ್ಕೆ ನೀರು ಶುದ್ಧ ಅಂತ ತಿಳಿಯಬಾರದು.

ನಾಲ್ಕು ವರ್ಷದ ಹಿಂದೆ ಮಳೆಗಾಲದಲ್ಲಿ ಕೆಳಗಿನ ಬೀದಿಯಲ್ಲಿ ಒಂದೇ ವಾರ ಹನ್ನೊಂದು ಜನಕ್ಕೆ ವಾಂತಿ ಭೇದಿ ಆಯಿತು. ಇಬ್ಬರು ಮಕ್ಕಳನ್ನು ರಾತ್ರೋರಾತ್ರಿ ಹಾಲಿನ ಗಾಡಿಯಲ್ಲಿ ಆಸ್ಪತ್ರೆಗೆ ಸಾಗಿಸಿದೆವು. ದೇವರ ದಯೆ, ಎಲ್ಲರೂ ಉಳಿದರು. ಮಾರಿ ಬಂದಳು ಅಂದರು, ಹೋಟೆಲ್ ತಿಂಡಿ ಅಂದರು. ಕೊನೆಗೆ ನೀರುಗಂಟಿ ನೆಲ ಅಗೆದು ನೋಡಿದರೆ ಪೈಪು ಚರಂಡಿಯೊಳಗೇ ಹಾದು ಹೋಗಿತ್ತು, ಜಾಯಿಂಟ್ ಬಿಟ್ಟಿತ್ತು. ಇದು ಹೇಗೆ ಆಗುತ್ತದೆ ಎಂದರೆ, ನಮ್ಮಲ್ಲಿ ನೀರು ಬಿಡುವುದು ದಿನ ಬಿಟ್ಟು ದಿನ, ಅದೂ ಒಂದು ಗಂಟೆ. ನೀರು ಬರುವಾಗ ಪೈಪಿನೊಳಗೆ ಒತ್ತಡ ಇರುತ್ತದೆ, ಸೀಳಿನಿಂದ ನೀರು ಹೊರಗೆ ಚಿಮ್ಮುತ್ತದೆ. ನಿಲ್ಲಿಸಿದ ಮೇಲೆ ಪೈಪು ಖಾಲಿಯಾಗಿ ಅದೇ ಸೀಳಿನಿಂದ ಚರಂಡಿ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಮುಂದಿನ ಸಲ ನೀರು ಬಿಟ್ಟಾಗ ಅದೇ ಮೊದಲು ನಮ್ಮ ಬಿಂದಿಗೆಗೆ ಬರುತ್ತದೆ. ಕೆಲವರು ನಲ್ಲಿಗೆ ಮೋಟಾರ್ ಹಾಕಿ ಎಳೆಯುತ್ತಾರಲ್ಲ, ಅವರು ಪಕ್ಕದ ಮನೆಯ ನೀರನ್ನಷ್ಟೇ ಎಳೆಯುವುದಿಲ್ಲ, ಚರಂಡಿಯನ್ನೂ ಎಳೆಯುತ್ತಾರೆ.

ನಮ್ಮ ಊರಲ್ಲಿ ಪುಣ್ಯಕ್ಕೆ ಯಾರೂ ಹೋಗಲಿಲ್ಲ. ಎಲ್ಲ ಊರಿಗೂ ಆ ಪುಣ್ಯ ಇರಲಿಲ್ಲ. 2022ರ ಬೇಸಿಗೆಯಲ್ಲಿ ರಾಯಚೂರು ನಗರದಲ್ಲಿ, 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ, 2024ರ ಮೇ ತಿಂಗಳಲ್ಲಿ ಮೈಸೂರು ತಾಲ್ಲೂಕಿನ ಸಾಲುಂಡಿಯಲ್ಲಿ ಕಲುಷಿತ ನೀರಿನ ಪ್ರಕರಣಗಳಲ್ಲಿ ಜನ ಪ್ರಾಣ ಕಳೆದುಕೊಂಡರು. ಪೇಪರಿನಲ್ಲಿ ಓದಿ ಅಯ್ಯೋ ಪಾಪ ಅಂದು ಮಡಿಸಿಟ್ಟೆವು.

ಇದಕ್ಕೆ ಮದ್ದು ಬಹಳ ಅಗ್ಗ. ಟ್ಯಾಂಕಿಗೆ ಅಳತೆ ಪ್ರಕಾರ ಬ್ಲೀಚಿಂಗ್ ಪುಡಿ ಹಾಕಿ ಅರ್ಧ ಗಂಟೆ ಬಿಟ್ಟು ನೀರು ಬಿಡಬೇಕು. ಕೊನೆಯ ಮನೆಯ ನಲ್ಲಿಯಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ದಾರಿಯಲ್ಲಿ ರೋಗಾಣು ಸೇರಿದರೂ ಕಾಯುವ ಕಾವಲುಗಾರ ಅದು. ಪುಡಿಯ ಚೀಲ ಬಾಯಿ ತೆರೆದು ತಿಂಗಳುಗಟ್ಟಲೆ ಇಟ್ಟರೆ ಅದರ ಸತ್ವ ಹಾರಿಹೋಗಿ ಬರೀ ಸುಣ್ಣದಂತೆ ಉಳಿಯುತ್ತದೆ. ಹಾಕಿದೆವು ಅನ್ನೋ ಸಮಾಧಾನ ಅಷ್ಟೇ. ನೀರಲ್ಲಿ ಸ್ವಲ್ಪ ಔಷಧಿ ವಾಸನೆ ಬಂತು ಅಂತ ನಾವು ನೀರುಗಂಟಿಯನ್ನು ಬಯ್ಯುತ್ತೇವೆ. ಆತ ಬೈಗುಳಕ್ಕೆ ಹೆದರಿ ಪುಡಿ ಹಾಕುವುದನ್ನೇ ಬಿಡುತ್ತಾನೆ. ತಪ್ಪು ಆತನದಷ್ಟೇ ಅಲ್ಲ.

ಇನ್ನು ನಾವೆಲ್ಲ ನಂಬಿರುವ ಫಿಲ್ಟರ್ ನೀರು. ಡೇರಿ ಪಕ್ಕದಲ್ಲಿ ಸಂಘದ ಜಾಗದಲ್ಲಿ ಇರುವ ಶುದ್ಧ ನೀರಿನ ಘಟಕವನ್ನು ನೋಡಿಕೊಳ್ಳುವ ಹೊಣೆ ನಮ್ಮ ಆಡಳಿತ ಮಂಡಳಿಯದು. 5 ರೂಪಾಯಿ ಕಾಯಿನ್ ಹಾಕಿದರೆ 20 ಲೀಟರ್. ಆರ್‌ಓ ಯಂತ್ರದಲ್ಲಿ ಮೆಂಬ್ರೇನ್ ಎಂಬ ಪೊರೆ ಇರುತ್ತದೆ. ನೀರನ್ನು ಒತ್ತಡದಿಂದ ಅದರ ಮೂಲಕ ನೂಕಿದಾಗ ಫ್ಲೋರೈಡ್, ಉಪ್ಪು, ಗಡಸುತನ ಬಹುಪಾಲು ಹಿಂದೆ ಉಳಿಯುತ್ತವೆ. ಪೊರೆ ಸರಿಯಿರುವ ತನಕ ಒಳ್ಳೆಯ ಏರ್ಪಾಡು. ಪೊರೆ ಹೋದರೆ?

ಹೋದ ಬೇಸಿಗೆಯಲ್ಲಿ ಹಾಲು ಹಾಕಲು ಬಂದ ಕೆಲವು ತಾಯಂದಿರು, "ಅಣ್ಣಾ, ಈ ನಡುವೆ ಫಿಲ್ಟರ್ ನೀರಲ್ಲೂ ಬೇಳೆ ಬೇಯಲ್ಲ, ನೀರು ಯಾಕೋ ಗಡಸಾಗಿದೆ" ಅಂದರು. ನಾವು ಏನಂದೆವು ಗೊತ್ತೇ? "ಅಕ್ಕಾ, ಅಂಗಡಿ ಬೇಳೆ ಹಳೇದಿರಬೇಕು ನೋಡು" ಅಂದೆವು. ಎರಡು ತಿಂಗಳು ಹಾಗೇ ಹೋಯಿತು. ಹೆಣ್ಣುಮಕ್ಕಳು ಬಿಡಲಿಲ್ಲ. ಸ್ತ್ರೀಶಕ್ತಿ ಸಂಘದ ಐವರಿಗೆ ನೀರು ಪರೀಕ್ಷೆ ಮಾಡುವ ತರಬೇತಿ ಹಿಂದೆಯೇ ಆಗಿತ್ತು, ಪರೀಕ್ಷೆಯ ಪೆಟ್ಟಿಗೆ ಮಾತ್ರ ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂತಿತ್ತು. ಅವರು ಅದನ್ನು ಕೇಳಿ ತೆಗೆಸಿದರು. ಶಾಲೆಯ ವಿಜ್ಞಾನ ಮೇಷ್ಟ್ರು ಜೊತೆ ನಿಂತರು. ಮೂರು ಲೋಟ ಇಟ್ಟರು, ಬೋರಿನ ನೀರು, ಫಿಲ್ಟರ್ ನೀರು, ಅಂಗಡಿಯ ಬಾಟಲಿ ನೀರು. ಔಷಧಿ ಹನಿ ಹಾಕಿದಾಗ ಗುಲಾಬಿ ಬಣ್ಣ ಹಳದಿಗೆ ತಿರುಗಿದಷ್ಟೂ ಫ್ಲೋರೈಡ್ ಹೆಚ್ಚು ಅಂತ ಲೆಕ್ಕ. ಬಾಟಲಿ ನೀರು ಗುಲಾಬಿಯಾಗೇ ಉಳಿಯಿತು. ಬೋರಿನ ನೀರು ಹಳದಿಯಾಯಿತು. ಫಿಲ್ಟರ್ ನೀರೂ ಹಳದಿಯಾಯಿತು! ತಾಲ್ಲೂಕಿನ ಪ್ರಯೋಗಾಲಯಕ್ಕೆ ಕಳಿಸಿದರೆ ಅಲ್ಲೂ ಅದೇ ಬಂತು. ಬೋರಿನಲ್ಲಿ ಲೀಟರಿಗೆ 2 ಮಿಲಿಗ್ರಾಂ, ಫಿಲ್ಟರಿನಲ್ಲಿ ಅದಕ್ಕೆ ಕೂದಲೆಳೆ ಕಡಿಮೆ.

ಪೊರೆ ಹರಿದು ಎಷ್ಟು ದಿನವಾಗಿತ್ತೋ ಹೇಳುವವರಿಲ್ಲ. ಬದಲಾಯಿಸಿದ ತಾರೀಖು ಬರೆದಿಟ್ಟಿರಲಿಲ್ಲ. ಬಂದ ಕಾಯಿನ್ ಲೆಕ್ಕ ಮಾತ್ರ ಪೈಸೆಗೆ ಪೈಸೆ ಸರಿಯಾಗಿತ್ತು. ದುಡ್ಡಿನ ಲೆಕ್ಕ ಇಟ್ಟವರು ನಾವು, ನೀರಿನ ಲೆಕ್ಕ ಇಡದವರೂ ನಾವೇ. ಅಷ್ಟೂ ದಿನ ನಿಮ್ಮ ಮಕ್ಕಳು ದುಡ್ಡು ಕೊಟ್ಟು ಬೋರಿನ ನೀರನ್ನೇ ಕುಡಿದರು. ಈ ತಪ್ಪಿಗೆ ಆಡಳಿತ ಮಂಡಳಿಯ ಪರವಾಗಿ ಈ ವೇದಿಕೆಯಿಂದ ನಿಮ್ಮ ಕ್ಷಮೆ ಕೇಳುತ್ತೇವೆ. ಪೊರೆ ಈಗ ಬದಲಾಗಿದೆ. ಬೇಳೆ ಬೇಯುತ್ತಿದೆ. ಆದರೆ ಕಂಡುಹಿಡಿದವರು ನಾವಲ್ಲ, ಬೇಳೆ ಬೇಯಿಸುವವರು ಅನ್ನೋದು ಸಂಘದ ಚರಿತ್ರೆಯಲ್ಲಿ ದಾಖಲಾಗಬೇಕು.

ಇದರ ಜೊತೆಗೆ ಇನ್ನೊಂದು ಸಂಗತಿ ಬಯಲಾಯಿತು. ಯಂತ್ರದಿಂದ ಹೊರಗೆ ಹೋಗುವ ನೀರು ದಂಡ ಆಗಬಾರದು ಅಂತ ಅದನ್ನು ದನದ ತೊಟ್ಟಿಗೆ ಬಿಟ್ಟಿದ್ದೆವು. ಒಳ್ಳೆ ಕೆಲಸ ಮಾಡಿದೆವು ಅಂತ ಬೀಗಿದ್ದೆವು. ಲೆಕ್ಕ ಹಾಕಿ ನೋಡಿ. 100 ಲೀಟರ್ ಬೋರಿನ ನೀರು ಒಳಗೆ ಹೋಗಿ 40 ಲೀಟರ್ ಕುಡಿಯುವ ನೀರು, 60 ಲೀಟರ್ ಹೊರಹೋಗುವ ನೀರು ಬಂತು ಅಂತ ಇಟ್ಟುಕೊಳ್ಳೋಣ. ಲೀಟರಿಗೆ 2 ಮಿಲಿಗ್ರಾಂನಂತೆ 100 ಲೀಟರಿನಲ್ಲಿ 200 ಮಿಲಿಗ್ರಾಂ ಫ್ಲೋರೈಡ್. ಪೊರೆ ಚೆನ್ನಾಗಿದ್ದು ಕುಡಿಯುವ ನೀರಿನಲ್ಲಿ ಒಂದು 10 ಮಿಲಿಗ್ರಾಂ ಉಳಿದರೆ, ಮಿಕ್ಕ 190 ಮಿಲಿಗ್ರಾಂ ಆ 60 ಲೀಟರಿನಲ್ಲಿ. ಅಂದರೆ ಲೀಟರಿಗೆ 3 ಮಿಲಿಗ್ರಾಂಗೂ ಮೇಲೆ! ನಮ್ಮಿಂದ ತೆಗೆದ ವಿಷವನ್ನು ಗಟ್ಟಿ ಮಾಡಿ ಹಸುವಿಗೆ ಕುಡಿಸುತ್ತಿದ್ದೆವು. ದನಕ್ಕೂ ಫ್ಲೋರೈಡ್ ಬಾಧೆ ಉಂಟು. ವರ್ಷಗಟ್ಟಲೆ ಕುಡಿದರೆ ಹಲ್ಲು ಸವೆಯುತ್ತದೆ, ಕಾಲು ಕುಂಟುತ್ತದೆ, ಮೇವು ಮೆಲ್ಲಲಾರದೆ ಹಾಲು ಇಳಿಯುತ್ತದೆ. ಹಸುವಿನಿಂದ ಅನ್ನ ತಿನ್ನುವ ನಾವು ಇದನ್ನು ಯೋಚಿಸಬೇಕಿತ್ತು. ಈಗ ಆ ನೀರನ್ನು ತೊಟ್ಟಿಯಿಂದ ತಪ್ಪಿಸಿ ಕ್ಯಾನು ಇಳಿಸುವ ಕಟ್ಟೆ, ನೆಲ, ಶೌಚಾಲಯ ತೊಳೆಯಲು ಬಳಸುತ್ತಿದ್ದೇವೆ.

ಹಾಗಾದರೆ ಬಾಟಲಿ ನೀರೇ ವಾಸಿ ಅಂತ ಯುವಕರು ಹೇಳಬಹುದು. ಮೂರು ಲೋಟದಲ್ಲಿ ಗೆದ್ದದ್ದೂ ಅದೇ ತಾನೆ. ಈಗ ಮದುವೆ ಮನೆಯಲ್ಲಿ ಎಲೆ ಪಕ್ಕಕ್ಕೊಂದು ಬಾಟಲಿ ಇಡದಿದ್ದರೆ ಬೀಗರಿಗೆ ಮರ್ಯಾದೆ ಕಮ್ಮಿ. ನಾವು ಮಿನರಲ್ ವಾಟರ್ ಅಂತೇವೆ, ಆದರೆ ಸಾಮಾನ್ಯವಾಗಿ ಸಿಗುವುದು ಮಿನರಲ್ ವಾಟರ್ ಅಲ್ಲ. ನಿಜವಾದ ಖನಿಜ ಜಲಕ್ಕೆ ಬೇರೆ ಮಾನದಂಡ, ಐಎಸ್ 13428. ಅಂಗಡಿಯಲ್ಲಿ ಸಿಗುವುದು ಶುದ್ಧಮಾಡಿ ತುಂಬಿದ ಕುಡಿಯುವ ನೀರು, ಅದರದು ಐಎಸ್ 14543. ಅದು ಮೂಲದಲ್ಲಿ ನಮ್ಮಂಥದ್ದೇ ಬೋರಿನ ನೀರಾಗಿರಬಹುದು. 2003ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು ಬಾಟಲಿ ನೀರಿನಲ್ಲಿ ಕೀಟನಾಶಕದ ಅಂಶ ತೋರಿಸಿಕೊಟ್ಟ ಮೇಲೆ ನಿಯಮ ಬಿಗಿಯಾಯಿತು. 2024ರ ಜನವರಿಯಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಆ ದೇಶದಲ್ಲಿ ಮಾರುವ ಬಾಟಲಿ ನೀರನ್ನು ನೋಡಿ, ಲೀಟರಿಗೆ ಸರಾಸರಿ 2 ಲಕ್ಷ 40 ಸಾವಿರ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಕಣಗಳಿವೆ ಎಂದು ವರದಿ ಮಾಡಿದರು. ನಮ್ಮ ದೇಶದಲ್ಲಿ 2001ರಿಂದ ಬಾಟಲಿ ನೀರಿಗೆ ಐಎಸ್‌ಐ ಗುರುತು ಕಡ್ಡಾಯವಾಗಿತ್ತು. 2024ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ತನ್ನ ನಿಯಮದಿಂದ ಆ ಕಡ್ಡಾಯವನ್ನು ತೆಗೆಯಿತು. ಮರು ತಿಂಗಳೇ ಬಾಟಲಿ ನೀರನ್ನು ಹೆಚ್ಚು ಅಪಾಯದ ಆಹಾರಗಳ ಪಟ್ಟಿಗೆ ಸೇರಿಸಿತು.

ಬಾಟಲಿ ಕೊಳ್ಳಲೇಬೇಡಿ ಅಂತ ನಾವು ಹೇಳುವುದಿಲ್ಲ. ದೂರದ ಪ್ರಯಾಣ, ಆಸ್ಪತ್ರೆ, ಜಾತ್ರೆ, ಇಂಥ ಕಡೆ ಬೇಕಾಗುತ್ತದೆ. ಕೊಳ್ಳುವಾಗ ಮುಚ್ಚಳದ ಸೀಲು, ತಯಾರಾದ ತಾರೀಖು, ಎಫ್‌ಎಸ್‌ಎಸ್‌ಎಐ ಪರವಾನಗಿಯ 14 ಅಂಕಿ ನೋಡಿ. ಅಂಗಡಿ ಮುಂದೆ ಬಿಸಿಲಲ್ಲಿ ಒಣಗಿದ್ದನ್ನು ತೆಗೆದುಕೊಳ್ಳಬೇಡಿ. ಖಾಲಿ ಬಾಟಲಿಯನ್ನು ತಿಂಗಳುಗಟ್ಟಲೆ ತುಂಬಿ ತುಂಬಿ ಬಳಸಬೇಡಿ. ಆದರೆ ಊರಿಗೆ ಊರೇ ದಿನಾ ಬಾಟಲಿ ನೀರು ಕುಡಿಯಲಾದೀತೇ? ಒಂದು ಲೀಟರ್ ಬಾಟಲಿಗೆ ಕೊಡುವ ದುಡ್ಡಲ್ಲಿ ನಮ್ಮ ಘಟಕದಲ್ಲಿ ಮೂರು ನಾಲ್ಕು ಕ್ಯಾನು ನೀರು ಬರುತ್ತದೆ. ಇರುವವರು ಬಾಟಲಿಗೆ ಹೋದರೆ ನಲ್ಲಿಯ ಬಗ್ಗೆ ಕೇಳುವವರೇ ಇರುವುದಿಲ್ಲ, ಇಲ್ಲದವರು ಅದೇ ನಲ್ಲಿಯಲ್ಲಿ ಉಳಿಯುತ್ತಾರೆ. ಹೆಚ್ಚು ಹಾಲಿನವರು, ಕಮ್ಮಿ ಹಾಲಿನವರು ಒಂದೇ ಸಾಲಿನಲ್ಲಿ ನಿಲ್ಲಬೇಕು ಅನ್ನುವುದಕ್ಕೇ ಅಲ್ಲವೇ ಈ ಸಂಘ ಕಟ್ಟಿದ್ದು? ನೀರಿಗೂ ಅದೇ ನ್ಯಾಯ.

ಆದ್ದರಿಂದ ಆಡಳಿತ ಮಂಡಳಿ ಕೆಲವು ನಿರ್ಧಾರ ಮಾಡಿದೆ. ಇವತ್ತು ನಿಮ್ಮ ಮುಂದೆ ಇಡುತ್ತೇವೆ, ಮುಂದಿನ ಸರ್ವ ಸದಸ್ಯರ ಸಭೆಯಲ್ಲಿ ಒಪ್ಪಿಗೆ ಕೊಡಬೇಕು.

ಒಂದನೆಯದು, ಹಾಲಿನ ದರದ ಬೋರ್ಡಿನ ಪಕ್ಕದಲ್ಲೇ ನೀರಿನ ಕಪ್ಪುಹಲಗೆ ಇರುತ್ತದೆ. ಫಿಲ್ಟರ್ ನೀರಿನ ಟಿಡಿಎಸ್ ದಿನಾ ಬರೆಯಬೇಕು. ಅದು ದಿಢೀರನೆ ಏರಿತು ಅಂದರೆ ಪೊರೆಗೆ ಏನೋ ಆಗಿದೆ ಅಂತ ಅರ್ಥ. ಆದರೆ ಟಿಡಿಎಸ್ ಒಂದೇ ನೋಡಿ ಸುಮ್ಮನಾಗಬಾರದು, ಅದು ರೋಗಾಣುವನ್ನೂ ತೋರಿಸದು, ಫ್ಲೋರೈಡನ್ನು ಬೇರೆಯಾಗಿಯೂ ತೋರಿಸದು. ತಿಂಗಳಿಗೊಮ್ಮೆ ಪೆಟ್ಟಿಗೆಯಿಂದ ಫ್ಲೋರೈಡ್, ನೈಟ್ರೇಟ್, ಕ್ಲೋರಿನ್ ನೋಡಬೇಕು. ರೋಗಾಣು ನೋಡುವ ಸಣ್ಣ ಶೀಶೆಯಲ್ಲಿ ನೀರು ತುಂಬಿ ಒಂದೆರಡು ದಿನ ಇಟ್ಟಾಗ ಕಪ್ಪಾದರೆ ಆ ನೀರು ಕುಡಿಯಬಾರದು. ಪರೀಕ್ಷೆ ಮಾಡುವವರು ಅದೇ ಐವರು ತಾಯಂದಿರು. ಅವರಿಗೆ ಸಂಘದಿಂದ ಗೌರವಧನ.

ಎರಡನೆಯದು, ವರ್ಷಕ್ಕೆ ಎರಡು ಸಲ, ಮಳೆಗೆ ಮುಂಚೆ ಮತ್ತು ಮಳೆ ಆದ ಮೇಲೆ, ನಲ್ಲಿ ನೀರನ್ನೂ ಫಿಲ್ಟರ್ ನೀರನ್ನೂ ಪ್ರಯೋಗಾಲಯಕ್ಕೆ ಕಳಿಸಿ, ಬಂದ ವರದಿಯನ್ನು ಜಮಾ ಖರ್ಚಿನ ಜೊತೆಗೆ ಸಭೆಯಲ್ಲಿ ಓದಬೇಕು.

ಮೂರನೆಯದು, ಕಾಯಿನ್ ದುಡ್ಡು ಬೇರೆ ಖಾತೆಯಲ್ಲಿರಬೇಕು. ಪೊರೆ, ಫಿಲ್ಟರ್ ಬದಲಿಸಿದ ತಾರೀಖನ್ನು ಘಟಕದ ಗೋಡೆ ಮೇಲೆ ಬಣ್ಣದಲ್ಲಿ ಬರೆಸಬೇಕು.

ನಾಲ್ಕನೆಯದು, ಡೇರಿ ಕಟ್ಟಡದ ಚಾವಣಿಯ ಮಳೆ ನೀರನ್ನು ಸೋಸಿ ತೊಟ್ಟಿಗೆ ಇಳಿಸಬೇಕು. ಕಲ್ಲು ಮುಟ್ಟದ ನೀರದು, ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಅದು ಹಸುಗಳಿಗೆ.

ಮನೆಯಲ್ಲಿ ನೀವು ಮಾಡಬೇಕಾದ್ದೂ ಇದೆ. ಫಿಲ್ಟರ್ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ಕ್ಯಾನು ಕೊಳಕಾಗಿದ್ದರೆ ನೀರು ಅಲ್ಲೇ ಕೆಡುತ್ತದೆ. ವಾರಕ್ಕೊಮ್ಮೆ ಒಳಗೆ ಉಜ್ಜಿ ತೊಳೆಯಿರಿ, ಬಿಸಿಲಿಗೆ ಇಟ್ಟು ಪಾಚಿ ಕಟ್ಟಿಸಬೇಡಿ, ಮೂರು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಬೇಡಿ. ಪಾತ್ರೆಗೆ ಲೋಟ ಅದ್ದಬೇಡಿ, ಹಿಡಿ ಇರುವ ಸೌಟು ಇಡಿ. ಮಳೆಗಾಲದಲ್ಲಿ ಯಾವ ನೀರೇ ಆಗಲಿ ಕುದಿಸಿ ಆರಿಸಿ ಕುಡಿಯಿರಿ. ತಿಪ್ಪೆಯನ್ನು ಬೋರಿನ ಹತ್ತಿರ ಹಾಕಬೇಡಿ. ಗೊಬ್ಬರದ ಸಾರ ನೆಲಕ್ಕಿಳಿದು ನೀರಲ್ಲಿ ನೈಟ್ರೇಟ್ ಹೆಚ್ಚುತ್ತದೆ. ಅದು ಲೀಟರಿಗೆ 45 ಮಿಲಿಗ್ರಾಂ ಮೀರಿದರೆ ಹಸುಗೂಸಿಗೆ ಅಪಾಯ.

ಕೊನೆಯದಾಗಿ ಒಂದು ಮಾತು, ಸಂಘಕ್ಕೆ ನಷ್ಟವಾದರೂ ಹೇಳಲೇಬೇಕು. ಸುಣ್ಣದ ಅಂಶ ಚೆನ್ನಾಗಿರುವ ಊಟ ಉಂಡರೆ ಮೈ ಫ್ಲೋರೈಡನ್ನು ಕಡಿಮೆ ಹೀರಿಕೊಳ್ಳುತ್ತದೆ. ರಾಗಿ, ನುಗ್ಗೆಸೊಪ್ಪು, ಎಲ್ಲಕ್ಕಿಂತ ಹೆಚ್ಚಾಗಿ ಹಾಲು. ಕರೆದ ಹಾಲನ್ನೆಲ್ಲ ಡೇರಿಗೆ ಹಾಕಿ ಮಕ್ಕಳಿಗೆ ಕಾಫಿ ನೀರು ಕುಡಿಸುವ ಮನೆಗಳು ನಮ್ಮಲ್ಲಿವೆ. ದಯವಿಟ್ಟು ದಿನಕ್ಕೆ ಒಂದು ಲೋಟ ಮನೆ ಮಗುವಿಗೆ ಉಳಿಸಿ. ಆ ಒಂದು ಲೋಟದಿಂದ ನಮ್ಮ ಸಂಘ ಬಡವಾಗುವುದಿಲ್ಲ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಅನ್ನೋ ಗಾದೆ ನಮಗೆ ಅನ್ವಯವಾಗದಿರಲಿ. ಇನ್ನು ಇಪ್ಪತ್ತೈದು ವರ್ಷಕ್ಕೆ ಸಂಘ ಸುವರ್ಣ ಮಹೋತ್ಸವ ಮಾಡುತ್ತದೆ. ಆವತ್ತು ನಮ್ಮಲ್ಲಿ ಬಹಳ ಜನ ಇರುವುದಿಲ್ಲ. ಇವತ್ತು ಮುಂದೆ ಚಾಪೆ ಮೇಲೆ ಕೂತಿರುವ ಮಕ್ಕಳು ವೇದಿಕೆ ಮೇಲೆ ಕೂತಿರುತ್ತಾರೆ. ಅವರ ಮಕ್ಕಳ ಫೋಟೋ ತೆಗೆಯುವಾಗ ಯಾರೂ ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳದಿರಲಿ ಎಂದು ಹಾರೈಸುತ್ತೇವೆ.